ಬಸ್ ಟಿಕೆಟ್ಟಿಗಿಂತ ಅಗ್ಗದ ಹಾಡು

ಓದುಗರ ಪತ್ರ:
"ಸಂಪಾದಕರೇ, ಹೋದ ಸಂಚಿಕೆಯಲ್ಲಿ ಬ್ರೆಜಿಲ್‌ನ ರ್ಯಾಪ್ ಹಾಡುಗಾರ ಎಮಿಸಿಡಾ ಬಗ್ಗೆ ಆರು ಪುಟ ಹಾಕಿದ್ದೀರಿ. ಬಡವರ ಕವಿ ಅಂತ ಹೊಗಳಿದ್ದೀರಿ. ಆದರೆ ಆತ ತಮ್ಮನ ಜೊತೆ ಸೇರಿ ಕಂಪನಿ ಮಾಡಿದ, ಬಟ್ಟೆ ಮಾರಿದ, ಫ್ಯಾಷನ್ ಶೋ ನಡೆಸಿದ, ನೆಟ್‌ಫ್ಲಿಕ್ಸ್‌ಗೂ ಹೋದ. ಕೊನೆಗೆ ಅಣ್ಣತಮ್ಮ ದುಡ್ಡಿನ ವಿಷಯಕ್ಕೆ ಕೋರ್ಟು ಹತ್ತಿದರು. ಕಲೆ ಅಂಗಡಿಗೆ ಬಂದ ಮೇಲೆ ಕಲೆಯಾಗಿ ಉಳಿಯುತ್ತದೆಯೇ? ಸಂಚಿಕೆಯನ್ನು ಗೆಳೆಯರೊಬ್ಬರ ಮನೆಯಲ್ಲಿ ಓದಿದೆ. ಒಂದು ಗೌರವ ಪ್ರತಿ ಕಳಿಸಿದರೆ ಸಂತೋಷ.
– ನಿವೃತ್ತ ಕನ್ನಡ ಮೇಷ್ಟ್ರು, ಹಾಸನ ಜಿಲ್ಲೆ"

ಸಂಪಾದಕರ ಉತ್ತರ:
ಮೇಷ್ಟ್ರೇ, ನಿಮ್ಮ ಪತ್ರಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಸಿಟ್ಟು ಜಾಸ್ತಿ ಆಗಿತ್ತು, ಎರಡನೆಯದರಲ್ಲಿ ಮರ್ಯಾದೆ ಜಾಸ್ತಿ ಆಗಿತ್ತು. ಇದು ಮೂರನೆಯದು.

ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2025ರಲ್ಲಿ ಅಣ್ಣತಮ್ಮ ಬೇರೆಯಾದದ್ದು ನಿಜ. ತಕರಾರು ಕೋರ್ಟಿಗೆ ಹೋದದ್ದೂ ನಿಜ. ದುಡ್ಡು ಬಂದ ಮನೆಗೆ ಜಗಳವೂ ಬರುತ್ತದೆ. ಆದರೆ ದುಡ್ಡಿಲ್ಲದ ಮನೆಗೆ ಬರುವುದಿಲ್ಲವೇ? ನಮ್ಮೂರಲ್ಲಿ ಒಂದು ಹಲಸಿನ ಮರಕ್ಕೆ ಹನ್ನೊಂದು ವರ್ಷ ಕೇಸು ನಡೆಯಿತು. ಅಷ್ಟರಲ್ಲಿ ಮರವೇ ಒಣಗಿತ್ತು.

ಇನ್ನು ಅಂಗಡಿಯ ವಿಷಯ. ನನ್ನ ತಕರಾರು ಇರುವುದೇ ಅಲ್ಲಿ.

ಎಮಿಸಿಡಾ ಅಂದರೆ ಲಿಯಾಂಡ್ರೊ ರೊಕಿ ಡಿ ಒಲಿವೇರಾ. ಹುಟ್ಟಿದ್ದು 1985ರಲ್ಲಿ, ಸಾವೊ ಪಾಲೊ ನಗರದ ಉತ್ತರದ ಅಂಚಿನಲ್ಲಿ. ಅಂಥ ಜಾಗಗಳಿಗೆ ಅಲ್ಲಿನವರು 'ಪೆರಿಫೆರಿಯಾ' ಅನ್ನುತ್ತಾರೆ. ಅಪ್ಪ ಬೇಗ ತೀರಿಕೊಂಡರು. ತಾಯಿ ಡೋನಾ ಜಸೀರಾ ಬೇರೆಯವರ ಮನೆಯಲ್ಲಿ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. ಹುಡುಗ ಹೆಸರು ಮಾಡಿದ್ದು ಸಾಂತಾ ಕ್ರೂಸ್ ಮೆಟ್ರೊ ಸ್ಟೇಷನ್ ಹತ್ತಿರದ ರ್ಯಾಪ್ ಕಾಳಗಗಳಲ್ಲಿ. ಇಬ್ಬರು ಎದುರುಬದುರು ನಿಂತು, ನಿಂತಲ್ಲೇ ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಜರೆಯಬೇಕು. ಸುತ್ತ ನಿಂತವರ ಕೂಗೇ ತೀರ್ಪು. ಈತ ಎದುರಿಗೆ ಬಂದವರನ್ನೆಲ್ಲ ಮಾತಲ್ಲೇ ಮುಗಿಸುತ್ತಿದ್ದ. ಹಾಗಾಗಿ 'ಎಂಸಿ', ಅಂದರೆ ರ್ಯಾಪ್ ಹಾಡುವವನು, ಮತ್ತು ಪೋರ್ಚುಗೀಸಿನ 'ಒಮಿಸಿಡಾ', ಅಂದರೆ ಕೊಲೆಗಾರ, ಎರಡೂ ಸೇರಿ ಈ ಹೆಸರಾಯಿತು. ನಮ್ಮ ಗೀಗೀ ಮೇಳದವರು ಕೇಳಿದ್ದರೆ ಮೀಸೆಯಲ್ಲೇ ನಕ್ಕಿರುತ್ತಿದ್ದರು.

2009ರಲ್ಲಿ ಆತ ತನ್ನ ಮೊದಲ ಮಿಕ್ಸ್‌ಟೇಪ್ ಮಾಡಿದ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ಸುಮಾರು ಹೀಗಾಗುತ್ತದೆ: 'ಅನ್ನಕ್ಕಾಗಿ ನಾಯಿಯನ್ನು ಕಚ್ಚಿದವನು ಇಷ್ಟು ದೂರ ಬಂದದ್ದೇ ಹೆಚ್ಚು'. ಯಾವ ದೊಡ್ಡ ಕಂಪನಿಯೂ ಅದರ ಹಿಂದೆ ಇರಲಿಲ್ಲ. ಸಿ.ಡಿ.ಗಳನ್ನು ಮನೆಯಲ್ಲೇ ಒಂದೊಂದಾಗಿ ಕಾಪಿ ಮಾಡಿದರು. ಕಂದು ಬಣ್ಣದ ಪ್ಯಾಕಿಂಗ್ ಕಾಗದವನ್ನು ಮಡಿಸಿ ಲಕೋಟೆ ಮಾಡಿದರು. ಅದರ ಮೇಲೆ ಕೈಯಲ್ಲೇ ಮೊಹರು ಒತ್ತಿದರು. ಬೆಲೆ ಅಲ್ಲಿನ ದುಡ್ಡಿನಲ್ಲಿ 2 ರಿಯಲ್. ಆ ವರ್ಷ ಸಾವೊ ಪಾಲೊದಲ್ಲಿ ಸಿಟಿ ಬಸ್ ಟಿಕೆಟ್ 2 ರಿಯಲ್ 30 ಸೆಂಟಾವೊ ಇತ್ತು, ಮೇಷ್ಟ್ರೇ. ಇಪ್ಪತ್ತೈದು ಹಾಡುಗಳು ಒಂದು ಬಸ್ ಟಿಕೆಟ್ಟಿಗಿಂತ ಅಗ್ಗಕ್ಕೆ ಸಿಗುತ್ತಿದ್ದವು. ರಸ್ತೆಯಲ್ಲಿ, ಕಾರ್ಯಕ್ರಮದ ಬಾಗಿಲಲ್ಲಿ, ಕೈಯಿಂದ ಕೈಗೆ ಸಾವಿರಾರು ಪ್ರತಿ ಹೋದವು.

ಫ್ರೀಯಾಗಿ ಕೊಡಬಹುದಿತ್ತು, ಅಲ್ವಾ? ಸಿ.ಡಿ. ಹಂಚಿ 'ನಮ್ಮದು ಸೇವೆ' ಅನ್ನಬಹುದಿತ್ತು. ಅವನು ಹಾಗೆ ಮಾಡದೆ ಎರಡು ರಿಯಲ್ ಕೇಳಿದ. ನನಗೆ ಅವನು ಇಷ್ಟವಾದದ್ದೇ ಅದಕ್ಕೆ.

ನೀವು ಬೈದ ಕಂಪನಿ ಹುಟ್ಟಿದ್ದು ಇದೇ ಸಿ.ಡಿ.ಗಳ ರಾಶಿಯ ನಡುವೆ, ಅದೇ ವರ್ಷ. ತಮ್ಮ ಇವಾಂಡ್ರೊ ಫಿಯೋಟಿ ಜೊತೆಗಿದ್ದ. ಹೆಸರು ಲಾಬೊರಾತೋರಿಯೊ ಫಾಂಟಾಸ್ಮ, ದೆವ್ವದ ಪ್ರಯೋಗಶಾಲೆ. ಅಂಗಡಿ ಇಟ್ಟವನ ಬಾಯಿ ಮುಚ್ಚಿಹೋಗುತ್ತದೆ ಅನ್ನುವುದು ನಿಮ್ಮ ಆತಂಕ. ಕಂಪನಿಗೆ ಮೂರು ವರ್ಷವಾಗಿದ್ದಾಗ, 2012ರ ಮೇ ತಿಂಗಳಲ್ಲಿ, ಬೆಲೊ ಒರಿಜೊಂಚಿ ನಗರದಲ್ಲಿ ಆತ ಬಡವರ ಮನೆ ಕೆಡವುವುದರ ಬಗ್ಗೆ ಹಾಡಿದ. ವೇದಿಕೆಯಿಂದ ಇಳಿಯುತ್ತಿದ್ದಂತೆ, ಪೊಲೀಸರಿಗೆ ಅವಮಾನ ಮಾಡಿದ ಆರೋಪದ ಮೇಲೆ ಅವನನ್ನು ಠಾಣೆಗೆ ಕರೆದೊಯ್ದರು. ಬಾಯಿ ಮುಚ್ಚಿದವನನ್ನು ಯಾರು ಹಿಡಿದುಕೊಂಡು ಹೋಗುತ್ತಾರೆ?

ಫ್ಯಾಷನ್ ಶೋ ಬಗ್ಗೆ ನನಗೆ ಹೆಚ್ಚು ತಿಳಿಯದು, ಪಂಚೆ ಉಡುವವನು ನಾನು. 2016ರ ಸಾವೊ ಪಾಲೊ ಫ್ಯಾಷನ್ ವೀಕ್‌ನಲ್ಲಿ ಅವರ ಬಟ್ಟೆ ತೊಟ್ಟು ನಡೆದವರಲ್ಲಿ ಹೆಚ್ಚಿನವರು ಕರಿಯರು. ದಪ್ಪ ಮೈಯವರೂ ಇದ್ದರು. ಆ ವೇದಿಕೆಗೆ ಅದು ದಿನನಿತ್ಯದ ನೋಟವಾಗಿರಲಿಲ್ಲ. ಅಷ್ಟು ಸಾಕು.

ನೆಟ್‌ಫ್ಲಿಕ್ಸ್ ವಿಷಯಕ್ಕೆ ಮಾತ್ರ ಸ್ವಲ್ಪ ಕೂತು ಕೇಳಿ. 1978ರ ಜುಲೈ 7ರಂದು ಸಾವೊ ಪಾಲೊದ ಮುನಿಸಿಪಲ್ ಥಿಯೇಟರಿನ ಮೆಟ್ಟಿಲ ಮೇಲೆ ಕರಿಯರು ಗುಂಪುಗೂಡಿದರು. ಮಿಲಿಟರಿ ಆಳ್ವಿಕೆಯ ಕಾಲ. ಒಬ್ಬ ಕರಿಯ ಕೆಲಸಗಾರ ಪೊಲೀಸರ ಹಿಂಸೆಯಿಂದ ಸತ್ತಿದ್ದ. ಒಂದು ಕ್ಲಬ್ಬಿನ ವಾಲಿಬಾಲ್ ತಂಡದಿಂದ ನಾಲ್ವರು ಕರಿ ಹುಡುಗರನ್ನು ಹೊರಗೆ ಹಾಕಿದ್ದರು. ಆ ಮೆಟ್ಟಿಲ ಮೇಲೆಯೇ ಒಗ್ಗಟ್ಟಿನ ಕರಿಯರ ಚಳವಳಿ ಜನರ ಮುಂದೆ ಬಂತು. ಥಿಯೇಟರಿನ ಒಳಗೆ ಹೋಗುವುದು ಅವರಲ್ಲಿ ಎಷ್ಟು ಜನರಿಗೆ ಸಾಧ್ಯವಿತ್ತು, ನೀವೇ ಊಹಿಸಿ. 2019ರ ನವೆಂಬರಿನಲ್ಲಿ ಎಮಿಸಿಡಾ ಅದೇ ಥಿಯೇಟರಿನ ಒಳಗೆ 'ಅಮರೆಲೊ' ಆಲ್ಬಮ್ಮಿನ ಹಾಡುಗಳನ್ನು ಹಾಡಿದ. ನಡುವೆ ನಿಲ್ಲಿಸಿ, ಆ ಚಳವಳಿಯ ಹಿರಿಯರು ಸಭೆಯಲ್ಲಿದ್ದಾರೆ, ಎದ್ದು ನಿಲ್ಲಿ ಅಂದ. ಕೆಂಪು ಕುರ್ಚಿಗಳ ನಡುವೆ ಅವರು ಎದ್ದರು. ತಲೆ ನರೆತಿದೆ, ಮುಖದಲ್ಲಿ ನಗು. ಚಪ್ಪಾಳೆ ನಿಲ್ಲುವುದೇ ಇಲ್ಲ. ನನ್ನ ಮನೆಯಾಕೆ ಚಾ ತಂದವಳು ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

ಆ ರಾತ್ರಿ ಒಳಗಿದ್ದವರು ಹೆಚ್ಚೆಂದರೆ ಒಂದೂವರೆ ಸಾವಿರ ಜನ. ನಾವು ನೋಡಿದ್ದು 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸಾಕ್ಷ್ಯಚಿತ್ರದಿಂದ. ಅದನ್ನು ತಯಾರಿಸಿದ್ದು ಅದೇ ದೆವ್ವದ ಕಂಪನಿ.

ನೀವು 'ಹಿಂದಿನ ರ್ಯಾಪ್‌ನವರು ಹೀಗಿರಲಿಲ್ಲ' ಅನ್ನಬಹುದು. ಸರಿ, ರಸಿಯೊನಾಯಿಸ್ ತಂಡವನ್ನೇ ನೋಡೋಣ. ದೊಡ್ಡ ಟೀವಿ ಚಾನೆಲ್ಲುಗಳಿಂದ ದೂರ ಉಳಿದ ಹಟಮಾರಿಗಳು. ಎಮಿಸಿಡಾ ತರಹದವರಿಗೆಲ್ಲ ಹಿರಿಯರು. 1997ರಲ್ಲಿ ಅವರು ತಂದ ಆಲ್ಬಮ್ಮಿನಲ್ಲಿ ಕರಾಂಡಿರು ಜೈಲಿನಲ್ಲಿ 111 ಕೈದಿಗಳು ಸತ್ತ ಕಥೆಯ ಹಾಡಿದೆ. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮುಂದೆ ಉನಿಕಾಂಪ್ ವಿಶ್ವವಿದ್ಯಾಲಯ ತನ್ನ ಪ್ರವೇಶ ಪರೀಕ್ಷೆಗೆ ಅದನ್ನೇ ಪಠ್ಯವಾಗಿ ಇಟ್ಟಿತು. ಆ ಆಲ್ಬಮ್ಮನ್ನು ಹೊರತಂದದ್ದು ಯಾರು? ಅವರದೇ ಸ್ವಂತ ಕಂಪನಿ. ಟೀವಿ ಬೇಡ ಅಂದರು, ಗಲ್ಲಾಪೆಟ್ಟಿಗೆ ಬೇಡ ಅನ್ನಲಿಲ್ಲ.

ನಮ್ಮಲ್ಲೂ ಈ ನಾಚಿಕೆ ಮೊದಲಿನಿಂದ ಇದ್ದದ್ದಲ್ಲ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಅಂತ ತರಗತಿಯಲ್ಲಿ ಪಾಠ ಮಾಡಿದವರು ನೀವೇ ಇರಬೇಕು. ಗಳಗನಾಥರು ಮಾರಿದರೆ ತಪಸ್ಸು, ಸಾವೊ ಪಾಲೊದ ಕರಿ ಹುಡುಗ ಮಾರಿದರೆ ವ್ಯಾಪಾರ. ಇದು ಯಾವ ಲೆಕ್ಕ ಮೇಷ್ಟ್ರೇ?

ನನ್ನದೇ ಕಥೆ ಹೇಳುತ್ತೇನೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಸಾಲ ಮಾಡಿ ಒಂದು ಕವನ ಸಂಕಲನ ಪ್ರಿಂಟ್ ಹಾಕಿಸಿದೆ. ಮುನ್ನೂರು ಪ್ರತಿ. ದುಡ್ಡು ಕೇಳಲು ನಾಚಿಕೆ. ಸಿಕ್ಕವರಿಗೆಲ್ಲ 'ಪ್ರೀತಿಯಿಂದ' ಅಂತ ಬರೆದು ಕೊಟ್ಟೆ. ಓದಿದೆ ಅಂತ ಒಬ್ಬರೂ ಹೇಳಲಿಲ್ಲ. ದಿನಾ ಓಡಾಡುವ ಬಸ್ಸಿನ ಕಂಡಕ್ಟರ್ ಒಬ್ಬರು ಮಾತ್ರ ಚೀಲದಲ್ಲಿದ್ದ ಕಟ್ಟು ನೋಡಿ, 'ಎಷ್ಟು ಸ್ವಾಮಿ?' ಅಂದರು. ಬಾಯಿಗೆ ಬಂದದ್ದು ಹೇಳಿದೆ, ಐದು ರೂಪಾಯಿ. ಚರ್ಮದ ಚೀಲದಿಂದ ಟಿಕೆಟ್ಟಿನ ದುಡ್ಡು ಬೇರೆ ಮಾಡಿ, ಮೇಲಂಗಿ ಜೇಬಿನಿಂದ ಸ್ವಂತದ ಐದರ ನೋಟು ತೆಗೆದು ಕೊಟ್ಟರು. ವಾರದ ಮೇಲೆ ಅದೇ ಬಸ್ಸು. 'ಹನ್ನೆರಡನೇ ಪುಟದ್ದು ಚೆನ್ನಾಗಿದೆ. ಮಿಕ್ಕಿದ್ದು ಐದು ರೂಪಾಯಿಗೆ ಸ್ವಲ್ಪ ದುಬಾರಿ ಆಯ್ತು.' ಸುಮ್ನೆ ಹೇಳ್ತಿಲ್ಲ, ನನ್ನ ಬಗ್ಗೆ ಬಂದ ಮೊದಲ ವಿಮರ್ಶೆ ಅದು. ಸರಿಯಾದ ವಿಮರ್ಶೆಯೂ ಹೌದು. ಆಮೇಲೆ ನಾನು ಪದ್ಯ ಬರೆಯಲಿಲ್ಲ.

ಈಗ ಏನಾಗಿದೆ ನೋಡಿ. ಪುಸ್ತಕ ಬಿಡುಗಡೆಗೆ ಇನ್ನೂರು ಜನ ಬರುತ್ತಾರೆ. ಶಾಲು, ಹಾರ, ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಆಗುತ್ತದೆ. ಬಾಗಿಲ ಬಳಿಯ ಮೇಜಿನಲ್ಲಿ ಹನ್ನೊಂದು ಪ್ರತಿ ಹೋಗಿರುತ್ತದೆ. ಅದರಲ್ಲೂ ನಾಲ್ಕು ಲೇಖಕರ ಭಾವಮೈದ ಕೊಂಡದ್ದು. ಕಥೆ ಕಳಿಸಿ ಅಂತ ಫೋನ್ ಮಾಡುವವರು ಸಂಭಾವನೆ ಅಂದ ತಕ್ಷಣ 'ಸಿಗ್ನಲ್ ಇಲ್ಲ ಸಾರ್' ಅನ್ನುತ್ತಾರೆ. ಹಾರ್ಮೋನಿಯಂನವರಿಗೆ, ಧ್ವನಿವರ್ಧಕದವರಿಗೆ, ಶಾಮಿಯಾನದವರಿಗೆ ಎಲ್ಲರಿಗೂ ರೇಟ್ ಇದೆ. ಕವಿಗೆ ಮಾತ್ರ ಹಣ್ಣಿನ ಬುಟ್ಟಿ. ಅದರಲ್ಲಿ ಮೇಲಿನ ಸಾಲಿನ ಸೇಬು ಬಿಟ್ಟರೆ ಕೆಳಗೆಲ್ಲ ಹುಲ್ಲು.

ಸಿಟ್ಟು ಮತ್ತೆ ಬಂತು, ಕ್ಷಮಿಸಿ. ನಿಮ್ಮಂಥವರು ಕಾಗದ ತೆಗೆದು, ಪೆನ್ನು ಹಿಡಿದು, ಅಂಚೆ ಚೀಟಿ ಹಚ್ಚಿ ಜಗಳ ಆಡುವುದೇ ಈಗ ಅಪರೂಪ. ಅಕ್ಷರ ಬೇರೆ ಮುತ್ತಿನ ಹಾಗಿದೆ.

ಗೆಳೆಯರ ಸಂಚಿಕೆಯನ್ನು ದಯವಿಟ್ಟು ಅವರಿಗೇ ವಾಪಸ್ ಕೊಡಿ, ಅವರು ಚಂದಾ ಕಟ್ಟಿದ್ದಾರೆ. ನಿಮ್ಮ ಹೆಸರು ಬರೆದು ಒಂದು ಪ್ರತಿ ತೆಗೆದಿಟ್ಟಿದ್ದೇನೆ. ನಲವತ್ತು ರೂಪಾಯಿ, ಅಂಚೆ ವೆಚ್ಚ ನನ್ನದು.