ಇಷ್ಟವಿಲ್ಲ ಎಂದವಳು ನಾನೇ

ಒಂಬತ್ತನೇ ತರಗತಿಗೆ ಬಂದ ಹೆಣ್ಣುಮಕ್ಕಳು ಓಟ ಬಿಡುತ್ತಾರೆ, ಆಸಕ್ತಿ ಹುಟ್ಟಿಸುವುದು ಹೇಗೆ ಎಂದು ಕೇಳಿದ್ದೀರಿ. ಮೇಷ್ಟ್ರೇ, 2009ರಲ್ಲಿ ಮಲೆನಾಡಿನ ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹಾಗೆ ಬಿಟ್ಟವಳು ನಾನು.

ವಲಯ ಮಟ್ಟದಲ್ಲಿ 1500 ಮೀಟರ್ ಗೆದ್ದಿದ್ದೆ. ನಮ್ಮ ಮೈದಾನದ ಸುತ್ತಳತೆ 200 ಮೀಟರ್. ಏಳೂವರೆ ಸುತ್ತು, ಕೆಸರಿನಲ್ಲಿ, ಬರಿಗಾಲಲ್ಲಿ. ತಾಲ್ಲೂಕು ಕ್ರೀಡಾಕೂಟಕ್ಕೆ ಸಂಜೆ ಆರರವರೆಗೆ ಅಭ್ಯಾಸ ಎಂದರು. ನಮ್ಮ ಕಡೆಯ ಕೊನೆಯ ಬಸ್ಸು ಐದೂಕಾಲಿಗೆ. ಇಳಿದ ಮೇಲೆ ಕಾಡುದಾರಿಯಲ್ಲಿ ಮೂರು ಕಿಲೋಮೀಟರ್, ನಡುವೆ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಆಗಸ್ಟ್ ಮಳೆಯಲ್ಲಿ ಆರಕ್ಕೇ ಕತ್ತಲು. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಮಳೆಗಾಲ ಪೂರ್ತಿ ರಸ್ತೆಬದಿಯ ಅಂಗಡಿಯ ಹಿಂದೆ ನಿಂತಿರುತ್ತಿತ್ತು.

ಇಷ್ಟನ್ನೂ ಹೇಳಬಹುದಿತ್ತು. "ನನಗೆ ಇಷ್ಟವಿಲ್ಲ ಸರ್" ಎಂದುಬಿಟ್ಟೆ. ಬಸ್ಸಿನ ಮಾತೆತ್ತಿದರೆ ಅಪ್ಪನನ್ನು ಕರೆಸುತ್ತಾರೆ. ಅದು ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು, ಎಲ್ಲರೆದುರು ಕೈಕಟ್ಟಿ ನಿಂತು "ಆಗುವುದಿಲ್ಲ" ಎನ್ನಬೇಕು. ಅದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಇಷ್ಟವಿಲ್ಲ ಎಂದರೆ ಮರುಪ್ರಶ್ನೆ ಬರುವುದಿಲ್ಲ ಎಂದೂ ಗೊತ್ತಿತ್ತು. ಬರಲಿಲ್ಲ. ಮರುವರ್ಷ ನನ್ನ ಹೆಸರನ್ನೇ ಕರೆಯಲಿಲ್ಲ.

ಇವತ್ತಿಗೂ ನನ್ನನ್ನು ಸುಡುವ ವಿಷಯ ಬೇರೆಯೇ ಇದೆ. ಬೆಳಗಿನ ಬಸ್ಸು ಎಂಟೂವರೆಗೇ ನನ್ನನ್ನು ಶಾಲೆಗೆ ಬಿಡುತ್ತಿತ್ತು. ಪ್ರಾರ್ಥನೆಯ ಗಂಟೆ ಹೊಡೆಯುವವರೆಗೆ ಒಂದು ಗಂಟೆಗೂ ಹೆಚ್ಚು ಹೊತ್ತು, ಎರಡು ವರ್ಷ, ಖಾಲಿ ಮೈದಾನದ ಕಟ್ಟೆಯ ಮೇಲೆ ಕುಳಿತಿದ್ದೆ. ಅಲ್ಲೇ ಓಡಬಹುದಿತ್ತು. ನಾನು ಬಾಯಿಬಿಟ್ಟಿದ್ದರೆ ಯಾರಿಗಾದರೂ ಅದು ಹೊಳೆಯುತ್ತಿತ್ತು.

ಆದ್ದರಿಂದ ಆಸಕ್ತಿ ಹುಟ್ಟಿಸುವ ಯೋಚನೆ ಬಿಡಿ, ಅದು ಅವರಲ್ಲಿದೆ. ಎಸ್ಸೆಸ್ಸೆಲ್ಸಿ ಭಯವೂ ಇದೆ, ಒಪ್ಪುತ್ತೇನೆ, ಆದರೆ ಒಂಬತ್ತನೆಯವರಿಗೆ ಅಷ್ಟಿಲ್ಲ. ಯಾರ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ, ಅಭ್ಯಾಸವನ್ನು ಬೆಳಗಿಗೋ ಕೊನೆಯ ಅವಧಿಗೋ ತನ್ನಿ. ಒದ್ದೆ ಬಟ್ಟೆ ಬದಲಿಸಲು ಬಾಗಿಲಿಗೆ ಚಿಲಕವಿರುವ ಒಂದು ಕೋಣೆ ಕೊಡಿ. ಮೂರನೇ ಸುತ್ತಿಗೇ ಏದುಸಿರು ಬಿಡುವವಳನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲುವುದಿಲ್ಲ.

ಮನೆಯವರೊಂದಿಗೆ ಮಾತನಾಡುವುದಿದ್ದರೆ ಕೆಲಸವಿಲ್ಲದ ದಿನ ನೋಡಿ ನೀವೇ ಹೋಗಿ. ಅಪ್ಪನನ್ನು ಶಾಲೆಗೆ ಕರೆಸಬೇಡಿ.