ಗದ್ದೆ ಆಟೋಕ್ರಾಸ್‌ನಲ್ಲಿ ಗೆದ್ದ ಕಾರು ತೋಟದ ರಸ್ತೆಯಲ್ಲಿ ಯಾಕೆ ಓಡುತ್ತಿಲ್ಲ? ಮೊದಲ ರ‍್ಯಾಲಿಗೆ ಮೂರೇ ವಾರ ಉಳಿದಿದೆ

ಸದ್ಯಕ್ಕೆ ಎಂಜಿನ್ ಮುಟ್ಟಬೇಡಿ. ಕೊಯ್ಲಾದ ಗದ್ದೆಯಲ್ಲಿ ನಡೆಯುವ ಆಟೋಕ್ರಾಸ್ ಓಟ ಗೆದ್ದ ಕೊಡಗಿನ ಪೊನ್ನಂಪೇಟೆಯ ಹೊಸ ತಂಡ, 1600 ಸಿಸಿ ಫ್ರಂಟ್ ವೀಲ್ ಡ್ರೈವ್ ಕಾರು, 3 ಕಿಲೋಮೀಟರ್ ತೋಟದ ರಸ್ತೆಯಲ್ಲಿ ಅನುಭವಿ ಜೋಡಿಗಿಂತ 15 ಸೆಕೆಂಡ್ ಹಿಂದೆ, ಬೆಂಗಳೂರಿಗೆ ಹೋಗಿ ಇಸಿಯು ಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರ್‌ನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಬೇಕೇ ಎಂದು ಕೇಳಿದ್ದೀರಿ. ಕಿಲೋಮೀಟರ್‌ಗೆ 5 ಸೆಕೆಂಡ್ ಅಂದರೆ ನಾಲ್ಕೈದು ಹಾರ್ಸ್‌ಪವರ್‌ನಿಂದ ತುಂಬುವ ಅಂತರವಲ್ಲ. ತಿರುವಿನ ಮೇಲೆ ತಿರುವು ಇರುವ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಸಮಯವೇ ಕಡಿಮೆ.

ಕೆಲವರು ಎತ್ತರದ ಮೇಲೆ ತಪ್ಪು ಹೊರಿಸುತ್ತಾರೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ನಿಜ. ಆದರೆ ಬೆಂಗಳೂರು ಸುಮಾರು 920 ಮೀಟರ್, ಮಡಿಕೇರಿ ಸುಮಾರು 1,150 ಮೀಟರ್. ವ್ಯತ್ಯಾಸ ಶೇ 2 ಚಿಲ್ಲರೆ ಅಷ್ಟೆ. ನಿಮ್ಮನ್ನು ಹಿಂದೆ ಹಾಕಿದ ಕಾರೂ ಅದೇ ಗಾಳಿಯನ್ನು ಎಳೆದುಕೊಂಡೇ ಓಡಿದ್ದು.

ಮೊದಲು ತಪ್ಪು ಕಾರಿನದೋ ಡ್ರೈವರ್‌ನದೋ ತಿಳಿಯಿರಿ. ಆ ಅನುಭವಿ ಡ್ರೈವರ್‌ನನ್ನೇ ಕೇಳಿಕೊಂಡು ನಿಮ್ಮ ಕಾರಿನಲ್ಲಿ, ನಿಮ್ಮದೇ ಟೈರ್‌ನಲ್ಲಿ, ಅದೇ ರಸ್ತೆಯಲ್ಲಿ ಮೂರು ಸಲ ಓಡಿಸಲು ಹೇಳಿ. ಮೊದಲ ಓಟ ಲೆಕ್ಕಕ್ಕಿಲ್ಲ. ಅವರು 10 ಸೆಕೆಂಡ್ ಕಡಿಮೆ ಮಾಡಿದರೆ ಕೆಲಸ ಇರುವುದು ನಿಮ್ಮ ಡ್ರೈವರ್ ಮತ್ತು ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವ ಕೋ-ಡ್ರೈವರ್ ಮೇಲೆ. ಅವರೂ ನಿಮ್ಮಷ್ಟೇ ನಿಧಾನವಾದರೆ ಕಾರನ್ನು ಬಿಚ್ಚಿ ನೋಡಿ. ಈ ಪರೀಕ್ಷೆಗೆ ಇಂಧನದ ಖರ್ಚು ಬಿಟ್ಟು ಬೇರೇನೂ ಇಲ್ಲ, ಆದರೂ ಹೊಸ ತಂಡಗಳು ಮಾನಕ್ಕೆ ಅಂಜಿ ಮಾಡುವುದಿಲ್ಲ.

ಜೊತೆಗೆ ಸೆಕೆಂಡಿಗೆ 10 ಸಲ ದಾಖಲಿಸುವ ಜಿಪಿಎಸ್ ಲಾಗರ್ ಹಾಕಿ, ಥ್ರಾಟಲ್, ಆರ್‌ಪಿಎಂ ಮತ್ತು ಬ್ರೇಕ್ ಸ್ವಿಚ್‌ನ ಸಿಗ್ನಲ್ ಅದಕ್ಕೆ ಕೊಡಿ. ಆಮೇಲೆ ನೋಡಬೇಕಾದ್ದು ಟಾಪ್ ಸ್ಪೀಡ್ ಅಲ್ಲ. ಆಕ್ಸಿಲರೇಟರೂ ಇಲ್ಲ, ಬ್ರೇಕೂ ಇಲ್ಲ, ಕಾರು ಸುಮ್ಮನೆ ಉರುಳುತ್ತಿರುವ ಸಮಯ ಎಷ್ಟು ಎಂದು ಕೂಡಿ. 25 ತಿರುವುಗಳಲ್ಲಿ ತಲಾ ಅರ್ಧ ಸೆಕೆಂಡ್ ಉರುಳಿದರೆ 12.5 ಸೆಕೆಂಡ್. ಅದರಲ್ಲಿ ಅರ್ಧ ಮಾತ್ರ ನಷ್ಟ ಎಂದುಕೊಂಡರೂ ನಿಮ್ಮ 15ರಲ್ಲಿ ಆರು ಸೆಕೆಂಡ್ ಅಲ್ಲೇ ಸಿಕ್ಕಿತು.

ಗದ್ದೆಯಿಂದ ಬಂದವರು ಹೀಗೆ ಉರುಳಲು ಕಾರಣ ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವು ಹೇಗಿದೆ ಎಂದು ಮೊದಲೇ ಬರೆದುಕೊಂಡು ಕೋ-ಡ್ರೈವರ್ ಓದುವ ಟಿಪ್ಪಣಿ. ಕೊಯ್ಲಾದ ಗದ್ದೆಯಲ್ಲಿ ಎಲ್ಲ ತಿರುವೂ ಕಣ್ಣೆದುರಿಗಿರುತ್ತದೆ. ತೋಟದಲ್ಲಿ ಕಾಫಿ ಗಿಡ ಎರಡೂ ಕಡೆ ಮುಚ್ಚಿಕೊಂಡಿರುತ್ತದೆ, ತಿರುವಿನಾಚೆ ಮೋರಿ ಇದೆಯೋ ಗೇಟಿನ ಕಲ್ಲುಕಂಬವಿದೆಯೋ ಕಾಣುವುದಿಲ್ಲ. ನೋಟ್ಸ್ ಮೇಲೆ ನಂಬಿಕೆ ಇಲ್ಲದ ಡ್ರೈವರ್ ಕಣ್ಣಿಗೆ ಕಾಣುವ ತನಕ ಕಾಲು ಎತ್ತಿಯೇ ಇರುತ್ತಾನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕೋ-ಡ್ರೈವರ್ ಒಂದು ಸೆಕೆಂಡ್ ತಡವಾಗಿ ಓದಿದರೆ ಬ್ರೇಕ್ ಹಿಡಿಯುವ ಜಾಗವೇ ದಾಟಿಹೋಗಿರುತ್ತದೆ.

ಹಾಗಾಗಿ ಮೂರು ವಾರದಲ್ಲಿ ಹೆಚ್ಚು ಸಮಯ ಇದಕ್ಕೇ ಕೊಡಿ. ಅದೂ ನಿಮ್ಮ ಟೆಸ್ಟ್ ರಸ್ತೆಯಲ್ಲಲ್ಲ, ಅದು ಡ್ರೈವರ್‌ಗೆ ಬಾಯಿಪಾಠ ಆಗಿಬಿಟ್ಟಿದೆ. ದಿನಕ್ಕೊಂದು ಗೊತ್ತಿಲ್ಲದ ರಸ್ತೆಗೆ ಮಾಮೂಲಿ ಕಾರಿನಲ್ಲಿ, ಮಾಮೂಲಿ ವೇಗದಲ್ಲಿ ಹೋಗಿ. ಮೊದಲ ಸುತ್ತಿನಲ್ಲಿ ಡ್ರೈವರ್ ಹೇಳಲಿ, ಕೋ-ಡ್ರೈವರ್ ಬರೆಯಲಿ. ಎರಡನೇ ಸುತ್ತಿನಲ್ಲಿ ಓದಿ ತಿದ್ದಿ, ವಿಡಿಯೋ ತೆಗೆಯಿರಿ. ರಾತ್ರಿ ವಿಡಿಯೋ ಹಾಕಿಕೊಂಡು ಅದರ ಜೊತೆಗೆ ಓದಿ ನೋಡಿ, ಎಲ್ಲಿ ತಡವಾಗುತ್ತದೆ ಎಂದು ತಕ್ಷಣ ಗೊತ್ತಾಗುತ್ತದೆ. ತಿರುವು ಎಷ್ಟು ಕಡಿದು ಎಂದು ಹೇಳುವ 1ರಿಂದ 6ರ ಅಂಕಿ, ದೂರ, ಎಚ್ಚರಿಕೆಯ ಗುರುತು, ಇಷ್ಟು ಸಾಕು. ಲೈನ್‌ಮನೆ, ನೀಲಗಿರಿ ಮರ ಅಂತೆಲ್ಲ ಬರೆದು ತುಂಬಿಸಿದರೆ ಓದಲು ಉಸಿರು ಸಾಲದು.

ಇನ್ನು ಕಾರು. ಗದ್ದೆಗೆ ಹೊಂದಿಸಿದ ಸಸ್ಪೆನ್ಷನ್ ತಗ್ಗು, ಬಿಗಿ. ಟ್ರ್ಯಾಕ್ಟರ್ ಚಕ್ರದ ಹೊಂಡ ಬಿದ್ದ ತೋಟದ ರಸ್ತೆಯಲ್ಲಿ ಅದೇ ಸೆಟ್ಟಿಂಗ್ ಇಟ್ಟರೆ ಟೈರ್ ನೆಲದ ಮೇಲೆ ನಿಲ್ಲುವುದಿಲ್ಲ. ಶಾಕ್ ಅಬ್ಸಾರ್ಬರ್‌ನ ರಾಡ್‌ಗೆ ಒಂದು ಕೇಬಲ್ ಟೈ ಬಿಗಿದು ಓಡಿಸಿ, ಅದು ಎಲ್ಲಿಗೆ ಸರಿದಿದೆ ನೋಡಿ. ಪ್ರತಿ ಓಟದಲ್ಲೂ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ತನಕ ಹೋಗಿದ್ದರೆ ಎತ್ತರ ಸಾಲದು. ಎಂಜಿನ್ ತಳ ಕಾಯುವ ಸಂಪ್ ಗಾರ್ಡ್ ಕೆಳಗೆ ಸುಮಾರು 180 ಮಿ.ಮೀ. ಇರಲಿ, ಇಬ್ಬರೂ ಸೀಟಿನಲ್ಲಿ ಕೂತ ಮೇಲೆ ಅಳೆಯಿರಿ. ರೀಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚುವ ವೇಗಕ್ಕೆ ಹಾಕಿದ ತಡೆ) ಅತಿಯಾಗಿ ಬಿಗಿ ಇದ್ದರೆ ಒಂದರ ಹಿಂದೆ ಒಂದು ಹೊಂಡ ಬಂದಾಗ ಚಕ್ರ ಕೆಳಗಿಳಿಯುವ ಮೊದಲೇ ಇನ್ನೊಂದು ಪೆಟ್ಟು ಬೀಳುತ್ತದೆ, ಕಾರು ಕುಸಿಯುತ್ತಾ ಹೋಗುತ್ತದೆ. ಸಲಕ್ಕೆ ಎರಡು ಕ್ಲಿಕ್ ಸಡಿಲಿಸಿ, ಮತ್ತೆ ಓಡಿಸಿ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಮುಂಭಾಗದ ಆಂಟಿ-ರೋಲ್ ಬಾರ್‌ನ ಲಿಂಕ್ ಕಳಚಿಯೂ ಒಮ್ಮೆ ನೋಡಿ. ಹೇರ್‌ಪಿನ್‌ನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ತಿರುಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಆಗಲೂ ಒಳಚಕ್ರ ತಿರುಗಿದರೆ ಎಲ್‌ಎಸ್‌ಡಿಯ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ಪ್ಲೇಟ್ ಸವೆದಿದೆಯೇ ನೋಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಒಂದು ಚಕ್ರ ಮಾತ್ರ ಎತ್ತಿ, ಹಬ್ ನಟ್‌ಗೆ ಟಾರ್ಕ್ ವ್ರೆಂಚ್ ಹಾಕಿ ಬಿಗಿಯುವ ದಿಕ್ಕಿಗೆ ತಿರುಗಿಸಿ. ಹಬ್ ಅಲುಗುವ ಕ್ಷಣದ ಅಂಕಿಯನ್ನು ಎಲ್‌ಎಸ್‌ಡಿ ಜೋಡಿಸಿದವರು ಕೊಟ್ಟ ಅಂಕಿಯ ಜೊತೆ ಹೋಲಿಸಿ. ತೀರಾ ಕಡಿಮೆ ಬಂದರೆ ಗೇರ್‌ಬಾಕ್ಸ್ ಇಳಿಸಲೇಬೇಕು, ಅದನ್ನು ಈ ವಾರವೇ ಮಾಡಿ. ಫೈನಲ್ ಡ್ರೈವ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಕೊನೆಯ ಗೇರ್ ಜೋಡಿ) ಕಂಪನಿಯದೇ ಇದ್ದರೆ, ನಿಮ್ಮ ಕ್ಲಾಸ್‌ನ ನಿಯಮ ಬದಲಿಸಲು ಬಿಡುತ್ತದೆಯೇ ನೋಡಿ. ಬಿಟ್ಟರೆ ಬೇಗ ವೇಗ ಹಿಡಿಯುವ ಗಿಡ್ಡ ರೇಶಿಯೋಗೆ ಹಾಕುವ ದುಡ್ಡು ಮ್ಯಾಪ್‌ಗೆ ಹಾಕುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಗ್ರಾವೆಲ್ ಟೈರ್‌ನ ಗಾಳಿ ತಣ್ಣಗಿದ್ದಾಗ 26 ಪಿಎಸ್‌ಐನಿಂದ ಶುರು ಮಾಡಿ, ಓಟ ಮುಗಿದ ಕೂಡಲೇ ಅಳೆಯಿರಿ. 3ರಿಂದ 5 ಏರಿದರೆ ಸರಿ, ಹೆಚ್ಚು ಏರಿದರೆ ಶುರುವಿನಲ್ಲಿ ಕಡಿಮೆ ಇತ್ತು ಎಂದರ್ಥ. ಬೆಳಿಗ್ಗೆ ಮಂಜಿನಲ್ಲಿ ಹೊಂದಿಸಿದ್ದು ಮಧ್ಯಾಹ್ನಕ್ಕೆ ನಡೆಯುವುದಿಲ್ಲ. ಪ್ರತಿ 5–6 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1 ಪಿಎಸ್‌ಐ ಬದಲಾಗುತ್ತದೆ.

ಟೆಸ್ಟ್ ಮಾಡುವ ತೋಟದ ಮಾಲೀಕರ ಹತ್ತಿರ ಮಾತ್ರವಲ್ಲ, ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಹತ್ತಿರವೂ ಹೇಳಿಡಿ. ಡಿಸೆಂಬರ್‌ನಿಂದ ಕೊಯ್ಲಿನ ಆಳುಗಳು, ಟ್ರ್ಯಾಕ್ಟರ್ ರಸ್ತೆಯಲ್ಲೇ ಇರುತ್ತವೆ. ಎರಡೂ ತುದಿಯಲ್ಲಿ ವಾಕಿಟಾಕಿ ಹಿಡಿದ ಜನ ನಿಲ್ಲಬೇಕು, ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ತಿತಿಮತಿ, ಸಿದ್ದಾಪುರದ ಕಡೆ ಆದರೆ ಮುಸ್ಸಂಜೆಗೆ ಮೊದಲೇ ಮುಗಿಸಿ, ಆನೆ ರಸ್ತೆಗೆ ಬರುವ ಹೊತ್ತು ಅದು.

ಕೊನೆಯ ವಾರ ವೇಗ ಹುಡುಕಬೇಡಿ. ಒಟ್ಟು ಸ್ಟೇಜ್‌ಗಳಷ್ಟೇ (ರ‍್ಯಾಲಿಯಲ್ಲಿ ಸಮಯ ಅಳೆಯುವ ರಸ್ತೆಯ ತುಂಡುಗಳು) ದೂರವನ್ನು ರ‍್ಯಾಲಿ ವೇಗದಲ್ಲಿ ಓಡಿಸಿ ಏನು ಮುರಿಯುತ್ತದೆ ನೋಡಿ. ಡ್ರೈವ್‌ಶಾಫ್ಟ್ ಬೂಟ್, ಸ್ಟ್ರಟ್‌ನ ಮೇಲಿನ ಮೌಂಟ್, ಎಂಜಿನ್ ಮೌಂಟ್, ವೀಲ್ ಬೇರಿಂಗ್, ಸಾಮಾನ್ಯವಾಗಿ ಇವೇ. ಸಂಪ್ ಗಾರ್ಡ್ ಒಳಗೆ ಸೇರುವ ಕೆಂಪು ಮಣ್ಣನ್ನು ಪ್ರತಿ ಸರ್ವಿಸ್‌ನಲ್ಲೂ ಕೆರೆದು ತೆಗೆಯಿರಿ, ಭಾರವೂ ಹೌದು, ಬಿಸಿಯನ್ನೂ ಹಿಡಿದಿಡುತ್ತದೆ. ಸೀಟ್ ಬೆಲ್ಟ್, ಸೀಟ್‌ಗಳ ಲೇಬಲ್ ಮೇಲಿನ ಅವಧಿ ಈಗಲೇ ಓದಿ. ರ‍್ಯಾಲಿಗೆ ಮೊದಲು ಕಾರು ತಪಾಸಣೆ ಮಾಡುವ ಸ್ಕ್ರುಟಿನಿ ದಿನ ಅವಧಿ ಮುಗಿದ ಬೆಲ್ಟ್ ಸಿಕ್ಕಿಬಿದ್ದರೆ ಗೋಣಿಕೊಪ್ಪದಲ್ಲಿ ಹೊಸದು ಸಿಗುವುದಿಲ್ಲ.

ಎಂಜಿನ್ ನೋಡಬೇಕಾದ ಸಂದರ್ಭ ಒಂದಿದೆ. ಒಂದೇ ಏರಿನಲ್ಲಿ, ಮೂರನೇ ಗೇರಿನಲ್ಲಿ 3,000ದಿಂದ 6,000 ಆರ್‌ಪಿಎಂಗೆ ಏರುವ ಸಮಯವನ್ನು ಲಾಗರ್‌ನಿಂದ ತೆಗೆಯಿರಿ. ಮೊದಲ ಓಟಕ್ಕಿಂತ ಐದನೇ ಓಟದಲ್ಲಿ ಅದು ಹೆಚ್ಚಾದರೆ ಬಿಸಿಗಾಳಿ ಎಳೆಯುತ್ತಿರುವ ಇನ್‌ಟೇಕ್, ಬೀಳುತ್ತಿರುವ ಫ್ಯುಯೆಲ್ ಪ್ರೆಶರ್, ಸಾಮಾನ್ಯವಾಗಿ ಇವೆರಡರಲ್ಲಿ ಒಂದು. ಆರ್‌ಪಿಎಂ ಬೇಗ ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇದರಲ್ಲಿ ಯಾವುದಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ.