ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ಗೆ ಬಸ್ ಇಷ್ಟು ತಡವಾಗಿ ಬಂದಿದ್ದು ಯಾಕೆ?

ನೀವು ಕೇಳಿದ್ದು ಇಷ್ಟು: "ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್‌ಗೆ ಓದಲು ಹೊರಟಿದ್ದೇನೆ. ಅಲ್ಲಿ ಬಸ್ಸೇ ಇಲ್ಲ, ಕಾರಿಲ್ಲದೆ ಬದುಕೋಕೆ ಆಗಲ್ಲ ಅಂತಾರೆ. ಒಂದು ಇಡೀ ಪ್ರಾಂತ್ಯದಲ್ಲಿ ಬಸ್ ಇಲ್ಲದೆ ಹೇಗೆ?"

ಬಸ್ ಇದೆ. ನಾನು ಶಾರ್ಲಟ್‌ಟೌನ್‌ನಲ್ಲಿ ಇದ್ದೇನೆ, ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತೇನೆ. ಆದರೆ ನಿಮಗೆ ಹೇಳಿದವರದ್ದು ಪೂರ್ತಿ ಸುಳ್ಳೂ ಅಲ್ಲ. ಅವರು ಇಲ್ಲಿ ಇದ್ದದ್ದು ಸ್ವಲ್ಪ ವರ್ಷಗಳ ಹಿಂದೆ ಆಗಿದ್ದರೆ, ಅವರು ಕಂಡದ್ದನ್ನೇ ಹೇಳಿದ್ದಾರೆ. ರಾಜಧಾನಿಯಾದ ಶಾರ್ಲಟ್‌ಟೌನ್‌ನಲ್ಲಿ ಈಗಿನ ಸಿಟಿ ಬಸ್ ಶುರುವಾಗಿದ್ದೇ 2005ರಲ್ಲಿ. ಹಳ್ಳಿಗಳ ಕಡೆಗೆ ಸರ್ಕಾರದ ದುಡ್ಡಿನಲ್ಲಿ ಬಸ್ ಹೊರಟಿದ್ದು 2021ರಲ್ಲಿ. ಅಷ್ಟು ತಡ ಯಾಕೆ ಅನ್ನೋದೇ ನಿಜವಾದ ಕಥೆ.

ನನ್ನ ಲೆಕ್ಕದಲ್ಲಿ ಮೊದಲ ಕಾರಣ ಮನೆಗಳು ಇರುವ ರೀತಿ. 1765ರಲ್ಲಿ ಸ್ಯಾಮ್ಯುಯೆಲ್ ಹಾಲಂಡ್ ಎಂಬ ಸರ್ವೇಯರ್ ಇಡೀ ದ್ವೀಪವನ್ನು 67 ತುಂಡು ಮಾಡಿದ. ಆಮೇಲೆ ಬಂದ ರೈತರು ಉದ್ದುದ್ದ ಪಟ್ಟಿಯಂಥ ಜಮೀನಿನಲ್ಲಿ, ರಸ್ತೆ ಬದಿಗೆ, ಒಬ್ಬೊಬ್ಬರೇ ಮನೆ ಕಟ್ಟಿಕೊಂಡರು. ನಮ್ಮ ಕಡೆ ಊರು ಅಂದರೆ ಮನೆಗಳೆಲ್ಲ ಒಂದು ಕಡೆ ಸೇರಿರುತ್ತವೆ, ಬಸ್ ಅರಳಿಕಟ್ಟೆ ಹತ್ತಿರ ನಿಂತರೆ ಊರಿಗೆ ಊರೇ ಹತ್ತುತ್ತದೆ. ಇಲ್ಲಿ ಒಂದು ಮನೆ, ಆಮೇಲೆ ಆಲೂಗಡ್ಡೆ ಹೊಲ, ಆಮೇಲೆ ಇನ್ನೊಂದು ಮನೆ. ಬಸ್ ಎಲ್ಲಿ ಅಂತ ನಿಲ್ಲಬೇಕು?

ತಮಾಷೆ ಅಂದರೆ, ಇದೇ ದ್ವೀಪ ಒಂದು ಕಾಲದಲ್ಲಿ ಕಾರನ್ನೇ ನಿಷೇಧಿಸಿತ್ತು. 1866ರಲ್ಲಿ ರಸ್ಟಿಕೋದ ಪಾದ್ರಿ ಬೆಲ್ಕೂರ್ ಹಬೆಯ ಗಾಡಿ ಓಡಿಸಿ ಜನ ಮೂಗಿನ ಮೇಲೆ ಬೆರಳಿಡುವ ಹಾಗೆ ಮಾಡಿದ್ದರು. ಅಂಥ ಕಡೆಯೇ 1908ರಲ್ಲಿ ರಸ್ತೆಗೆ ಕಾರು ಇಳಿಸಬಾರದು ಅಂತ ಕಾನೂನು ಬಂತು. ಆಗ ಇದ್ದದ್ದು ಬೆರಳೆಣಿಕೆಯಷ್ಟು ಕಾರು! ಕುದುರೆ ಬೆದರುತ್ತವೆ ಎಂದು ರೈತರು ಪಟ್ಟು ಹಿಡಿದಿದ್ದರು. 1913ರಲ್ಲಿ ಸ್ವಲ್ಪ ಸಡಿಲ ಮಾಡಿದರು, ಅದೂ ವಾರದಲ್ಲಿ ಕೆಲವು ದಿನ ಮಾತ್ರ.

ಆ ಕಾಲದಲ್ಲಿ ಜನ ಓಡಾಡಿದ್ದು ರೈಲಿನಲ್ಲಿ. 1871ರಲ್ಲಿ ಕೆಲಸ ಶುರುವಾಯಿತು. ಗುತ್ತಿಗೆದಾರರಿಗೆ ಮೈಲಿ ಲೆಕ್ಕದಲ್ಲಿ ದುಡ್ಡು. ಜತೆಗೆ ಪ್ರತಿ ಊರಿನವರಿಗೂ ತಮ್ಮ ಕಡೆಗೇ ಹಳಿ ಬೇಕು. ಕೇಳಬೇಕಾ? ಹಳಿ ಅಂಕುಡೊಂಕಾಗಿ ಸುತ್ತಿಕೊಂಡು ಹೋಯಿತು, ಸಾಲ ಕುತ್ತಿಗೆಗೆ ಬಂತು. ಆ ಸಾಲವನ್ನು ಒಟ್ಟಾವಾ, ಅಂದರೆ ಕೆನಡಾದ ಕೇಂದ್ರ ಸರ್ಕಾರ, ವಹಿಸಿಕೊಳ್ಳಲಿ ಎಂಬುದು 1873ರಲ್ಲಿ ದ್ವೀಪ ಕೆನಡಾಕ್ಕೆ ಸೇರಲು ದೊಡ್ಡ ಕಾರಣ. ಸುತ್ತು ಜಾಸ್ತಿ ಇದ್ದರೂ ಪಶ್ಚಿಮದ ಟಿಗ್ನಿಶ್‌ನಿಂದ ಪೂರ್ವದ ಸೂರಿಯವರೆಗೆ ಒಂದು ಟಿಕೆಟ್‌ನಲ್ಲಿ ಹೋಗಬಹುದಿತ್ತು.

ಸೇರುವಾಗ ಕೆನಡಾ ಇನ್ನೊಂದು ಮಾತು ಕೊಟ್ಟಿತ್ತು: ವರ್ಷವಿಡೀ ಹಬೆ ಹಡಗಿನ ಸಂಪರ್ಕ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟುತ್ತಿದ್ದರಿಂದ ಆ ಮಾತು ಬಹಳ ವರ್ಷ ಸರಿಯಾಗಿ ನಡೆಯಲಿಲ್ಲ. ಹಡಗು ಸಿಕ್ಕಿಹಾಕಿಕೊಂಡರೆ ಐಸ್‌ಬೋಟ್ ಒಂದೇ ಗತಿ. ನೀರಿದ್ದ ಕಡೆ ಹುಟ್ಟು ಹಾಕುವುದು, ಮಂಜುಗಡ್ಡೆ ಇದ್ದ ಕಡೆ ಇಳಿದು ದೋಣಿ ಎಳೆಯುವುದು. ಪಟ್ಟಿ ಕಟ್ಟಿಕೊಂಡು ಎಳೆಯೋಕೆ ಕೈಜೋಡಿಸಿದ ಪ್ರಯಾಣಿಕರಿಗೆ ಟಿಕೆಟ್ ಕಡಿಮೆ, ಕೂತೇ ಬರುವವರಿಗೆ ಜಾಸ್ತಿ! ರೈಲು ಡಬ್ಬಿಗಳನ್ನೇ ಹೊತ್ತು ಮಂಜು ಒಡೆಯುವ ಹಡಗಿನ ಸೇವೆ 1917ರಲ್ಲಿ ಶುರುವಾದ ಮೇಲೆ ಈ ಪಡಿಪಾಟಲು ತಪ್ಪಿತು.

ಈಗ ಮುಖ್ಯ ವಿಷಯ. ಪ್ಯಾಸೆಂಜರ್ ರೈಲು 1969ರಲ್ಲಿ ನಿಂತಿತು. ಗೂಡ್ಸ್ ರೈಲೂ 1989ರ ಕೊನೆಗೆ ನಿಂತಿತು. ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ, ಚೆನ್ನಾಗಿದೆ, ಬೇಸಿಗೆಯಲ್ಲಿ ಹೋಗಿ ನೋಡಿ. ಆದರೆ ರೈಲು ಹೋದ ಜಾಗಕ್ಕೆ ದ್ವೀಪದ ಮೂಲೆಮೂಲೆಗೆ ಹೋಗುವ ಬಸ್ ಬಂದು ಕೂರಲಿಲ್ಲ. ಅಷ್ಟರಲ್ಲಿ ಮನೆಮನೆಗೂ ಕಾರು ಬಂದಿತ್ತು. ಕಾರು ಓಡಿಸಲಾಗದ ಅಜ್ಜ ಅಜ್ಜಿಯರು ಪಕ್ಕದ ಮನೆಯವರನ್ನು ಕೇಳಬೇಕು, ಅಷ್ಟೇ. ಇಲ್ಲಿನ ಬಸ್ಸಿನ ಬಗ್ಗೆ ಮಾತಾಡುವವರು 2005ರಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದಕ್ಕೂ ಹಿಂದಿನ ಈ ಖಾಲಿ ವರ್ಷಗಳೇ ಮುಖ್ಯ.

ಖಾಲಿ ಅಂದೆ, ಆದರೆ ಒಂದು ಬಸ್ ಮಾತ್ರ ಪ್ರತಿ ರಸ್ತೆಗೂ ಹೋಗುತ್ತಿತ್ತು: ಶಾಲೆಯ ಹಳದಿ ಬಸ್. 1972ರಲ್ಲಿ ನೂರಾರು ಪುಟ್ಟ ಶಾಲಾ ಮಂಡಳಿಗಳನ್ನು ಸೇರಿಸಿ ಐದು ಮಾಡಿದರು. ಒಂದೇ ಕೋಣೆಯ ಶಾಲೆಗಳು ಒಂದೊಂದಾಗಿ ಮುಚ್ಚಿದವು, ಮಕ್ಕಳನ್ನು ದೂರದ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಕರೆದೊಯ್ಯಬೇಕಾಯಿತು. ಅಂದರೆ ಆ ಚದುರಿದ ಮನೆಗಳ ಮುಂದೆ ಬಸ್ ನಿಲ್ಲಿಸೋದು ಸಾಧ್ಯ ಅನ್ನೋದು ಸರ್ಕಾರಕ್ಕೆ ಗೊತ್ತಿತ್ತು. ದೊಡ್ಡವರಿಗೆ ಮಾತ್ರ ಅದು ಸಿಗಲಿಲ್ಲ. ಈಗ ಆ ಹಳದಿ ಬಸ್ಸುಗಳಲ್ಲಿ ಎಷ್ಟೋ ಎಲೆಕ್ಟ್ರಿಕ್ ಆಗಿವೆ.

ದ್ವೀಪದಿಂದ ಆಚೆ ಹೋಗುವ ದೂರದ ಬಸ್ಸಿನದ್ದು ಬೇರೆ ಕಥೆ. 1997ರಲ್ಲಿ 12.9 ಕಿ.ಮೀ. ಉದ್ದದ ಕಾನ್‌ಫೆಡರೇಶನ್ ಸೇತುವೆ ತೆರೆಯಿತು. ಅದರ ಮೇಲೆ ನಡೆಯುವ ಹಾಗಿಲ್ಲ, ಸೈಕಲ್ ತುಳಿಯುವ ಹಾಗೂ ಇಲ್ಲ. ಅಂಥವರನ್ನು ದಾಟಿಸಲು ಶಟಲ್ ವ್ಯಾನ್ ಇದೆ. ದೂರದ ಬಸ್ ಓಡಿಸುತ್ತಿದ್ದ ಅಕೇಡಿಯನ್ ಲೈನ್ಸ್ 2012ರ ನವೆಂಬರ್ ಕೊನೆಗೆ ನಷ್ಟ ಅಂತ ಕೈ ಎತ್ತಿತು. ಮರುದಿನದಿಂದಲೇ ಮ್ಯಾರಿಟೈಮ್ ಬಸ್ ಎಂಬ ಸ್ಥಳೀಯ ಕಂಪನಿ ಹಿಡಿದುಕೊಂಡಿತು. ನೀವು ಹ್ಯಾಲಿಫ್ಯಾಕ್ಸ್‌ಗೋ ಮಾಂಕ್ಟನ್‌ಗೋ ಹೋಗಬೇಕಾದರೆ ಅದೇ ಬಸ್.

ಸಿಟಿಯಲ್ಲಿ ಓಡುವುದು ಟಿ3 ಟ್ರಾನ್ಸಿಟ್. ಬಸ್ ಓಡಿಸುವುದು ಖಾಸಗಿ ಕಂಪನಿ, ಖರ್ಚಿಗೆ ಸರ್ಕಾರದ ದುಡ್ಡೂ ಸೇರುತ್ತದೆ. ಆಮೇಲೆ ಪಕ್ಕದ ಸ್ಟ್ರಾಟ್‌ಫರ್ಡ್, ಕಾರ್ನ್‌ವಾಲ್‌ಗೂ ಹಬ್ಬಿತು. ಇವರ ಕೆಲವು ಬಸ್ಸುಗಳು ಹಳೇ ಟ್ರಾಮ್ ಥರ ಕಾಣುತ್ತಿದ್ದವು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು, ಊರಿನವರು ಕಾರಿನಲ್ಲಿ ಹೋಗುತ್ತಿದ್ದರು ಅಂತ ಇಲ್ಲಿನ ಹಳಬರು ನಗುತ್ತಾರೆ.

ಬಸ್ ತುಂಬಿಸಿದ್ದು ಯಾರು ಅಂದರೆ, ಹೊರಗಿನಿಂದ ಬಂದ ನಮ್ಮಂಥವರು. 2016ರಿಂದ 2021ರ ನಡುವೆ ಇಲ್ಲಿನ ಜನಸಂಖ್ಯೆ 1,42,907ರಿಂದ 1,54,331ಕ್ಕೆ ಏರಿತು. ಅಷ್ಟು ವೇಗವಾಗಿ ಬೆಳೆದ ಪ್ರಾಂತ್ಯ ಆ ಐದು ವರ್ಷದಲ್ಲಿ ಕೆನಡಾದಲ್ಲಿ ಬೇರೆ ಇರಲಿಲ್ಲ. ಬೆಳಗ್ಗೆ ಶಾರ್ಲಟ್‌ಟೌನ್‌ನ ಮುಖ್ಯ ರಸ್ತೆ ಯೂನಿವರ್ಸಿಟಿ ಅವೆನ್ಯೂ ಬಸ್ ಹತ್ತಿದರೆ ಪಂಜಾಬಿ, ಮಲಯಾಳಂ, ಟಗಲೊಗ್, ಚೀನೀ ಭಾಷೆ ಎಲ್ಲ ಕಿವಿಗೆ ಬೀಳುತ್ತವೆ. ಕಂಡಕ್ಟರ್ ಇಲ್ಲ. ನಗದು ಕೊಡುವುದಾದರೆ ಡ್ರೈವರ್ ಪಕ್ಕದ ಡಬ್ಬಿಗೆ ಸರಿಯಾದ ಚಿಲ್ಲರೆ ಹಾಕಬೇಕು. ಕಿಟಕಿ ಪಕ್ಕದ ಹಗ್ಗ ಎಳೆದರೆ ಗಂಟೆ ಬಾರಿಸುತ್ತದೆ, ಇಳಿಯುವಾಗ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಯೂ ಹೇಳುತ್ತಾರೆ. ನೀವೂ ಹೇಳಿ, ಇಲ್ಲಾಂದ್ರೆ ವಿಚಿತ್ರವಾಗಿ ಕಾಣುತ್ತೆ.

ಹಳ್ಳಿ ಬಸ್ 2021ರ ಅಕ್ಟೋಬರ್‌ನಲ್ಲಿ ಮೊದಲು ಪೂರ್ವ ಭಾಗಕ್ಕೆ ಬಂತು, ಮುಂದಿನ ವರ್ಷ ಪಶ್ಚಿಮಕ್ಕೂ ಹೋಯಿತು. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಎರಡೇ ಡಾಲರ್ ಅಂತ ಇಟ್ಟರು. ಸೂರಿಯಿಂದ ಶಾರ್ಲಟ್‌ಟೌನ್ ಹತ್ತಿರ ಹತ್ತಿರ 80 ಕಿ.ಮೀ., ಅದಕ್ಕೂ ಎರಡೇ ಡಾಲರ್. ಎರಡು ಡಾಲರ್ ನಾಣ್ಯಕ್ಕೆ ಇಲ್ಲಿ ಟೂನಿ ಅನ್ನುತ್ತಾರೆ, ಅದಕ್ಕೇ ಈ ಯೋಜನೆ ಟೂನಿ ಟ್ರಾನ್ಸಿಟ್. ಸರ್ಕಾರ ಮಾಡಿದ ಒಳ್ಳೇ ಕೆಲಸಗಳಲ್ಲಿ ಇದೊಂದು. ಆದರೆ ದಿನಕ್ಕೆ ಕೆಲವೇ ಟ್ರಿಪ್, ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು.

ಹಾಗಾಗಿ ಮನೆ ಹುಡುಕುವಾಗ ಬಾಡಿಗೆ ಕಡಿಮೆ ಅಂತ ಊರಾಚೆ ಹೋಗಬೇಡಿ. ಯೂನಿವರ್ಸಿಟಿ ಅವೆನ್ಯೂ ಹತ್ತಿರ ಸಿಕ್ಕರೆ ಕಾರಿಲ್ಲದೆ ಆರಾಮಾಗಿ ಓದು ಮುಗಿಸಬಹುದು. ಎಷ್ಟೋ ಸ್ಟಾಪ್‌ಗಳಲ್ಲಿ ತಲೆ ಮೇಲೊಂದು ಸೂರಿಲ್ಲ, ಬರೀ ಕಂಬಕ್ಕೆ ಬೋರ್ಡು. ಜನವರಿ ಗಾಳಿಯಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತೆ. ಜಾಕೆಟ್ ಊರಿಂದ ತರಬೇಡಿ, ಇಲ್ಲೇ ಕೊಳ್ಳಿ. ರಾತ್ರಿ ಪಾಳಿ ಕೆಲಸ ಒಪ್ಪಿಕೊಳ್ಳುವ ಮೊದಲು ಕೊನೇ ಬಸ್ ಎಷ್ಟು ಗಂಟೆಗೆ ಅಂತ ನೋಡಿಕೊಳ್ಳಿ.